ಎದುರಾಳಿಯ ಪೆನ್ಸಿಲ್

"ಇದನ್ನ ತಿದ್ದೋಕೆ ನನ್ನ ಕೈಗೇ ಯಾಕೆ ಕೊಟ್ರು, ಗೊತ್ತಾ?" ಕೋಲ್ಬಿ ಬರೆದ ನಾಲ್ಕು ಹಾಳೆಗಳನ್ನು ಮೇಜಿನ ಮೇಲೆ ಹರಡಿ ಲೆನೋರಾ ವಿಕ್ ಕೇಳಿದರು.

"ಕಸದ ಬುಟ್ಟಿಗೆ ಹಾಕ್ಲಿ ಅಂತ," ಅಂದ ಕೋಲ್ಬಿ.

ಅಮೆರಿಕದ ಓಹಾಯೊ ಸೀಮೆಯ ಒಂದು ಊರಿನ ಡಿಪೋದಲ್ಲಿ ಬಸ್ಸು ತೊಳೆಯುವವನು ಅವನು. ಶಾಲೆಗೆ ಎಂದೋ ಶರಣು ಹೊಡೆದವನು. ಬಸ್ಸಿಗೆ ಟಿಕೆಟ್ಟೇ ಇರಬಾರದು ಎಂದು ಸಿಟ್ಟಿನಿಂದ ಬರೆದಿದ್ದ ಮೊದಲ ಲೇಖನ ಅದು. ಲೆನೋರಾ ಮೂವತ್ತು ವರ್ಷ ಸಾರಿಗೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಪುಕ್ಕಟೆ ಬಸ್ಸು ಎಂದರೆ ಉರಿದುಬೀಳುವವರು. ಆದರೆ ಅವನು ಲೇಖನ ಕಳಿಸಿದ್ದ, ಮುನ್ನೂರು ಚಂದಾದಾರರ ಆ ಪುಟ್ಟ ರಾಜಕೀಯ ಪತ್ರಿಕೆಯಲ್ಲಿ ಒಂದು ಪದ್ಧತಿಯಿತ್ತು. ಯಾವ ಲೇಖನವನ್ನೇ ಆಗಲಿ, ಅದನ್ನು ಒಪ್ಪದವರೇ ತಿದ್ದಬೇಕು. ಅವರು ಸೈ ಅಂದರೆ ಮಾತ್ರ ಅಚ್ಚಿಗೆ.

"ಹನ್ನೊಂದು ಬೈಗುಳ ಇದೆ. ಒಂದು ಉಳಿಸಿದೀನಿ, ಚೆನ್ನಾಗಿದೆ. ಆಮೇಲೆ, ಹತ್ತೋರೆಲ್ಲ ಡಬ್ಬಿಗೆ ದುಡ್ಡು ಹಾಕೋವರೆಗೂ ಬಸ್ಸು ನಿಂತೇ ಇರುತ್ತಲ್ಲ, ಎಷ್ಟು ಹೊತ್ತು ದಂಡ? ಡ್ರೈವರ್‌ಗಳನ್ನ ಕೇಳಿ ಬರಿ. ಅದರ ಮುಂದೆ ನನ್ನ ಬಾಯಿ ಕಟ್ಟುತ್ತೆ."

ಕೋಲ್ಬಿ ಕಣ್ಣರಳಿಸಿದ. "ನೀವು ನನ್ನ ವಿರೋಧಿ ಅಲ್ವಾ, ಮೇಡಂ?"

"ಹೌದಪ್ಪ. ಕಡ್ಡಿ ಪೈಲ್ವಾನನ್ನ ಕೆಡವಿ ಮೆರೆಯೋಕೆ ನನಗೇನು ನಾಚಿಕೆ ಇಲ್ವಾ?"

ಅವನು ವಿಚಾರಿಸಿದ. ಬಸ್ಸಿನ ಒಂದೊಂದು ಸುತ್ತಿನಲ್ಲೂ ಹದಿನಾಲ್ಕು ನಿಮಿಷ ದಂಡ! ಲೇಖನ ಅಚ್ಚಾಯಿತು. ಇದಕ್ಕೆ ಉತ್ತರವೇ ಇಲ್ಲ ಎಂದು ಓದುಗರು ಬರೆದರು.

ಮುಂದಿನ ಸಂಚಿಕೆಗೆ ಲೆನೋರಾ ಉತ್ತರ ಬರೆದರು. ತಿದ್ದುವ ಸರದಿ ಕೋಲ್ಬಿಯದು. ಎರಡು ಸಲ ಓದಿದ. ಒಂದು ಸಂಗತಿ ಅದರಲ್ಲಿ ಇರಲಿಲ್ಲ. ಜನವರಿಯ ಹಿಮಪಾತದಲ್ಲಿ ಒಂದು ವಾರ ಬಸ್ಸು ಪುಕ್ಕಟೆ ಓಡಿತ್ತು. ತುಂಬಿ ತುಳುಕಿ ಬಂದ ಬಸ್ಸುಗಳನ್ನು ತೊಳೆಯಲು ಎರಡರಷ್ಟು ಹೊತ್ತು ಹಿಡಿದು, ಒಂದು ಬೆಳಿಗ್ಗೆ ಒಂಬತ್ತು ಬಸ್ಸು ಹೊರಡಲೇ ಇಲ್ಲ. ಊರವರು ಹಿಮದಿಂದ ಎಂದುಕೊಂಡರು; ನಿಜವಾದ ಕಾರಣ ತೊಳೆದವರಿಗೆ ಮಾತ್ರ ಗೊತ್ತು. ಬಾಯಿ ಮುಚ್ಚಿಕೊಂಡಿದ್ದರೆ ಗೆಲುವು ಅವನದೇ. ಆದರೂ ಪೆನ್ಸಿಲ್ ಎತ್ತಿಕೊಂಡ. ಹಾಳೆಯ ಅಂಚಿನಲ್ಲಿ ಅಷ್ಟನ್ನೂ ಬರೆದು ಅವರ ಮುಂದೆ ತಳ್ಳಿದ.

ಲೆನೋರಾ ಓದಿದರು. ಕನ್ನಡಕ ತೆಗೆದರು. "ಅಯ್ಯೋ ಪುಣ್ಯಾತ್ಮ, ನಿನ್ನ ಲೇಖನಕ್ಕೆ ನೀನೇ ಕೊಳ್ಳಿ ಇಟ್ಟೆಯಲ್ಲೋ!"

"ಇಟ್ಟೆ. ಇದಕ್ಕೇನು ಉತ್ತರ ಅಂತ ನನಗೂ ಹೊಳೀತಿಲ್ಲ."

ಲೆನೋರಾ ಪಕ್ಕದ ಕುರ್ಚಿಯ ಮೇಲಿದ್ದ ಹಳೆ ಸಂಚಿಕೆಗಳನ್ನು ಎತ್ತಿ ನೆಲಕ್ಕಿಟ್ಟರು.

"ನನಗೆ ಹೊಳೀತಿದೆ. ಕೂತ್ಕೋ."