ಹದಿನೈದು ಆಂಪಿಯರಿನ ಡಬ್ಬಿ

"ದೊಡ್ಡದೇ ಹಾಕಿಸಿ," ಎಂದಳು ಚಂದನಾ ಗಂಡನಿಗೆ.

ರಿಪೇರಿ ಅಂಗಡಿಯ ಮಹಾಗಣಪತಿ ಅವಳ ಮುಖ ನೋಡಿದ. ಏನೋ ಹೇಳಲು ಬಾಯಿ ತೆರೆದವನು ಸುಮ್ಮನಾದ.

ಮೇಜಿನ ಮೇಲೆ ಎರಡು ಕಂಟ್ರೋಲರುಗಳಿದ್ದವು. ಬ್ಯಾಟರಿಯಿಂದ ಮೋಟಾರಿಗೆ ಎಷ್ಟು ಕರೆಂಟು ಹರಿಯಬೇಕೆಂದು ನಿರ್ಧರಿಸುವ ಡಬ್ಬಿಗಳು. ಒಂದು ಮೂವತ್ತು ಆಂಪಿಯರಿನದು, ಇನ್ನೊಂದು ಹದಿನೈದರದು. ಹೊರಗೆ ಅವಳ ಹಳೆಯ ಸೈಕಲ್ಲು ಹಿಂಚಕ್ರದಲ್ಲಿ ಗುಜರಿಯ ಮೋಟಾರು ಕೂರಿಸಿಕೊಂಡು ನಿಂತಿತ್ತು.

"ಎಷ್ಟು ಸ್ಪೀಡು?" ಕೇಳಿದ ಅವಳ ಗಂಡ ಭಾಸ್ಕರ.

"ದೊಡ್ಡದು ಗಂಟೆಗೆ ಮೂವತ್ತೈದು. ಸಣ್ಣದು ಇಪ್ಪತ್ತು ದಾಟೂದಿಲ್ಲ."

"ಸಣ್ಣದೇ ಹಾಕು. ಊಟ ತರೂಕೆ ವಿಮಾನ ಎಂತಕ್ಕೆ?"

"ನಿಧಾನ ಆಗ್ತದೆ. ನಿಮಗೇ ಅನ್ನ ಆರ್ತದೆ," ಎಂದಳು ಚಂದನಾ.

"ಆರಲಿ. ಬೆನ್ನು ಹತ್ತಿದ್ರೆ ನೀ ಸಿಗಬೇಕು." ಭಾಸ್ಕರ ನಕ್ಕ. ಅವಳು ತಲೆ ತಗ್ಗಿಸಿದಳು. ಬಂಗಡೆ ಮೀನು ಕೇಳಿದರೆ ತಾರ್ಲೆ ತರುವ, ಹಸಿರು ಸೀರೆ ಎಂದರೆ ಕೆಂಪು ಕೊಡಿಸುವ ಗಂಡನ ಜತೆ ಅವಳು ಒಂಬತ್ತು ವರ್ಷ ಕಳೆದಿದ್ದಳು.

ಭಾಸ್ಕರ ಹೊನ್ನಾವರದ ಟೆಂಪೊ ಸ್ಟ್ಯಾಂಡಿನ ಏಜೆಂಟ್. ಕುಮಟೆಯಿಂದ ಭಟ್ಕಳದವರೆಗೆ ಅವನನ್ನು ಅರಿಯದ ಚಾಲಕನಿಲ್ಲ. ಹೋದ ವರ್ಷ ಚಂದನಾ ಮುಟ್ಟಳ್ಳಿಯ ಅಕ್ಕನ ಮನೆಗೆಂದು ಟೆಂಪೊ ಹತ್ತಿದ್ದಳು, ಇನ್ನು ಮರಳುವುದಿಲ್ಲವೆಂದು ಹೇಳಿಯೇ. ಚಾಲಕ ನಡುದಾರಿಯ ಮಂಕಿಯಲ್ಲಿ ಇಳಿಸಿ ಭಾಸ್ಕರನಿಗೆ ಫೋನ್ ಮಾಡಿದ. ಅಂದಿನಿಂದ ಬಾಗಿಲಲ್ಲಿ ಅತ್ತೆ ತಿಮ್ಮಕ್ಕನ ಕಾವಲು, ರಸ್ತೆಯಲ್ಲಿ ಟೆಂಪೊಗಳದು.

ಟೆಂಪೊದಲ್ಲಿ ಕಳಿಸಿದ ಊಟ ಚೆಲ್ಲಿಕೊಂಡು ಬರುತ್ತಿತ್ತು. ಸೈಕಲ್ಲಿಗೆ ಮೋಟಾರು ಬಂದದ್ದು ಅದಕ್ಕಾಗಿ. ಅಪ್ಸರಕೊಂಡದ ಹತ್ತಿರದ ಮನೆಯಿಂದ ಸ್ಟ್ಯಾಂಡು ಉತ್ತರಕ್ಕೆ ಎಂಟು ಕಿಲೋಮೀಟರು. ಮುಟ್ಟಳ್ಳಿ ದಕ್ಷಿಣಕ್ಕೆ, ಮೂವತ್ತರ ಮೇಲೆ. ಎರಡು ತಿಂಗಳು ಊಟ ದಿನವೂ ಒಂದು ಗಂಟೆಗೆ ಸರಿಯಾಗಿ ಬಂತು.

ಡೀಸೆಲ್ ದರ ಏರಿದಾಗ ಟೆಂಪೊದವರು ಮುಷ್ಕರ ಹೂಡಿದರು. ಮುಂದಾಳು ಭಾಸ್ಕರನೇ. ಹೆದ್ದಾರಿಯಲ್ಲಿ ಒಂದೂ ಟೆಂಪೊ ಇರಲಿಲ್ಲ.

ಅಂದು ಒಂದೂವರೆಯಾದರೂ ಊಟ ಬರಲಿಲ್ಲ. ಭಾಸ್ಕರ ಮನೆಗೆ ಫೋನ್ ಮಾಡಿದ.

"ಹನ್ನೊಂದಕ್ಕೇ ಹೊರಟ್ಲಲ್ಲ ಮಗಾ," ಎಂದಳು ತಿಮ್ಮಕ್ಕ. "ಮುಷ್ಕರದವ್ರಿಗೆ ಬೇಗ ಹಸಿವಾಗ್ತದೆ ಅಂದ್ಲು."

ಭಾಸ್ಕರ ಸೀದಾ ಮಹಾಗಣಪತಿಯ ಅಂಗಡಿಗೆ ನಡೆದ.

"ನೀ ಮಾಡಿಕೊಟ್ಟ ಸೈಕಲ್ಲು ಎಲ್ಲೋ ಕೆಟ್ಟು ನಿಂತದೆ, ಮಾರಾಯ. ಆ ಸಣ್ಣ ಡಬ್ಬಿಯಲ್ಲಿ ಎಷ್ಟು ದೂರ ಹೋಗ್ತದೆ ಅದು?"

"ನಡುನಡುವೆ ತುಳಿದ್ರೆ ಮೂವತ್ತೈದು ಕಿಲೋಮೀಟರು. ದೊಡ್ಡದು ಹಾಕಿದ್ರೆ ಬ್ಯಾಟರಿ ಕುಡಿದು ಇಪ್ಪತ್ತಕ್ಕೇ ನಿಲ್ತಿತ್ತು."

ಭಾಸ್ಕರ ದಕ್ಷಿಣಕ್ಕೆ, ಖಾಲಿ ಹೆದ್ದಾರಿಯತ್ತ ನೋಡಿದ.

"ಚಕ್ರ ಅಳೆಯೂಕೆ ನಿಮ್ಮನೆಗೆ ಬಂದಿದ್ದೆನಲ್ಲ ಭಾಸ್ಕರಣ್ಣ, ಆವತ್ತು ಚಂದನಕ್ಕ ಕೇಳಿದ್ದು ಅದೊಂದೇ: ದೂರ ಹೋಗೂಕೆ ಯಾವುದು ಬೇಕು ಅಂತ. ಸಣ್ಣದೇ ಅಂದಿದ್ದೆ."