ನಾಳೆಯ ಸಾಲು

ಸ್ಟೂಲು ಹತ್ತಿ, ಕರಿಹಲಗೆಯ ಮೇಲ್ತುದಿಯಲ್ಲಿ 'ನಾಳೆ ಅಲೆ ಇಲ್ಲ' ಎಂದು ಬರೆಯುವಾಗ ಅಕ್ಕನ ಕೈಯಲ್ಲಿ ಸೀಮೆಸುಣ್ಣ ಪಟ್ಟನೆ ಮುರಿಯಿತು. ಸರ್ಫಿಂಗ್ ಹಲಗೆ ಬಾಡಿಗೆಗೆ ಕೊಡುವ ಈ ಅಂಗಡಿಯ ಮುಂದೆ ದಿನವೂ ಸಮುದ್ರದ ಮುನ್ಸೂಚನೆ ಬರೆಯುವವಳು ಅವಳು. ಏಳು ವರ್ಷಗಳಲ್ಲಿ ಬರೆದ ಮೊದಲ ಸುಳ್ಳು ಇದು.

ಹನ್ನೆರಡು ದಿನಗಳಿಂದ ಸಮುದ್ರ ಹಾಸಿದ ಚಾಪೆಯಂತೆ ಮಲಗಿತ್ತು. ಬಂದವರೆಲ್ಲ ಗೊಣಗಿಕೊಂಡು ಹೋದರೂ ಅವಳಿಗೆ ಮಾತ್ರ ಒಳಗೊಳಗೇ ನೆಮ್ಮದಿ. ಸರ್ಫಿಂಗ್ ಕಲಿಸುವ ತಂಗಿಯ ಬಲಭುಜದ ಕೀಲು ತಪ್ಪಿ ಎರಡು ತಿಂಗಳಾಗಿತ್ತು. ಆ ಕೈ ಕಿವಿಯ ಮಟ್ಟಕ್ಕೂ ಏಳದೆ, ಬೆಳಿಗ್ಗೆ ಜಡೆ ಹಾಕಲಿಕ್ಕೂ ಅಕ್ಕನೇ ಬೇಕಿತ್ತು. ಅಲೆ ಎದ್ದರೆ ಅವಳನ್ನು ಹಿಡಿದು ಕೂರಿಸುವವರು ಯಾರು?

"ನಾಳೆ ಎದೆಮಟ್ಟದ ಅಲೆ ಅಂತ ಫೋನಲ್ಲೇ ಇದೆಯಲ್ಲ ಅಕ್ಕ," ಎಂದಳು ಹಿಂದೆ ಬಂದು ನಿಂತ ತಂಗಿ. "ಯಾರ ಕಣ್ಣಿಗೆ ಮಣ್ಣೆರಚ್ತಿದ್ದೀಯ?"

"ನಿನ್ನ ಕಣ್ಣಿಗೇ. ಆ ಕೈ ಇಟ್ಕೊಂಡು ನೀರಿಗಿಳಿದ್ರೆ ಕಾಲು ಮುರೀತೀನಿ," ಎಂದು ಅಕ್ಕ ಸ್ಟೂಲಿನಿಂದ ಇಳಿದಳು.

ತಂಗಿ ಒದ್ದೆ ಬಟ್ಟೆ ತೆಗೆದುಕೊಂಡಳು. ಸ್ಟೂಲು ಹತ್ತಲಿಲ್ಲ. ಹಿಮ್ಮಡಿ ಎತ್ತಿ, ಬಲಗೈಯನ್ನು ನೆಟ್ಟಗೆ ತಲೆಯ ಮೇಲಕ್ಕೆ ಚಾಚಿ, ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ಸಾವಕಾಶವಾಗಿ ಒರೆಸಿದಳು. ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ.

"ಯಾವಾಗಿಂದ?"

"ನಾಲ್ಕು ದಿನ ಆಯ್ತು. ನೀನು ಜಡೆ ಹಾಕೋದು ಸುಖವಾಗಿತ್ತು, ಸುಮ್ನಿದ್ದೆ."

ಅಕ್ಕ ಎರಡು ತಿಂಗಳಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟಳು. ಮುರಿದ ಸೀಮೆಸುಣ್ಣವನ್ನು ತಂಗಿಯ ಅದೇ ಬಲಗೈಯಲ್ಲಿಟ್ಟಳು.

"ಬರಿ. ನಾಳೆಯಿಂದ ನನ್ನ ಜಡೇನೂ ನೀನೇ ಹಾಕು."