ಮನೆಯವರಿಗೆ ತಿಳಿಸು

"ನೆಟ್‌ವರ್ಕ್ ಇರಲಿಲ್ಲ ಅಂದ್ಬಿಡು, ಅಲ್ಲಿಗೆ ಮುಗೀತು," ಎಂದು ಮ್ಯಾನೇಜರ್ ಬಾಗಿಲಾಚೆಯೇ ಪಿಸುಗುಟ್ಟಿ ಅವಳನ್ನು ಒಳಗೆ ಕಳಿಸಿದ. ಆಸ್ಪತ್ರೆಗೆ ಪ್ರೋಗ್ರಾಂ ಬರೆದುಕೊಟ್ಟವಳು ಅವಳು. ಒಳಗೆ ಕೂತಿದ್ದವನು, ಹೆಂಡತಿಯ ಕೊನೆಗಳಿಗೆಗೆ ಒದಗದೆ ಹೋದ ಟೈಲರ್.

"ಹೆಚ್ಚುಕಮ್ಮಿ ಆದ್ರೆ ಫೋನಿಗೆ ಮೆಸೇಜ್ ಬರುತ್ತೆ, ಅಂಗಡಿಗೆ ಹೋಗಿ ಅಂತ ಆಸ್ಪತ್ರೆಯೋರು ಅಂದಿದ್ರು, ತಾಯಿ," ಎಂದ ಆತ. "ಹತ್ತು ನಿಮಿಷದ ದಾರಿ. ಸದ್ದು ಕೇಳಿಸ್ದೇ ಹೋದೀತು ಅಂತ ಮಿಷನ್ ತುಳೀಲೇ ಇಲ್ಲ, ಕೈಯಲ್ಲೇ ಗುಂಡಿ ಹೊಲೀತಾ ಕೂತಿದ್ದೆ. ಎರಡಕ್ಕೆ ಇವಳ ಉಸಿರು ಕೆಟ್ಟಿದೆ, ಜೀವ ಹೋಗಿದ್ದು ನಾಲ್ಕಕ್ಕೆ. ಮೆಸೇಜ್ ಹೋಗಿದೆ, ಬಂದೇ ಬರ್ತಾರೆ ಅಂತ ನರ್ಸಮ್ಮ ಸಮಾಧಾನ ಹೇಳ್ತಾನೇ ಇದ್ರಂತೆ. ಇವಳು ಬಾಗಿಲನ್ನೇ ನೋಡ್ತಿದ್ಲಂತೆ."

ನೆಟ್‌ವರ್ಕಿನದೇನೂ ತಪ್ಪಿರಲಿಲ್ಲ. ಅವಳ ಪ್ರೋಗ್ರಾಂನಲ್ಲಿ ಎಲ್ಲ ವಾರ್ಡುಗಳಿಗೂ ಮೇಲೆ ಒಂದು ಅಬ್‌ಸ್ಟ್ರಾಕ್ಟ್ ಕ್ಲಾಸ್ ಇತ್ತು. ಅದು ಮನೆಯ ಹಿರಿಯರ ಹಾಗೆ. ಇಂಥ ಕೆಲಸ ಆಗಬೇಕು ಎನ್ನುತ್ತದೆ, ತಾನು ಮಾಡುವುದಿಲ್ಲ. ಮಾಡುವ ಬಗೆಯನ್ನು ಒಂದೊಂದು ವಾರ್ಡಿನ ಕ್ಲಾಸಿನಲ್ಲೂ ಬೇರೆಯಾಗಿ ಬರೆಯಬೇಕು. ಬರೆಯದಿದ್ದರೆ ಕಂಪ್ಯೂಟರ್ ರಚ್ಚೆ ಹಿಡಿಯುತ್ತದೆ, ಇಡೀ ಪ್ರೋಗ್ರಾಂ ಮುಂದಕ್ಕೆ ಹೋಗುವುದಿಲ್ಲ. ಟೈಲರ್‌ನ ಹೆಂಡತಿ ಮಲಗಿದ್ದ ಹೊಸ ವಾರ್ಡ್ ಶುರುವಾಗುವ ಹಿಂದಿನ ದಿನ ಕಂಪ್ಯೂಟರಿನ ಬಾಯಿ ಮುಚ್ಚಿಸಲು ಅವಳು ಆ ಕೆಲಸದ, ಅಂದರೆ ಮೆಥಡ್‌ನ, ಹೆಸರು ಬರೆದು, ಬ್ರಾಕೆಟ್ ತೆರೆದು, ಹಾಗೇ ಮುಚ್ಚಿದ್ದಳು. ಹೆಸರು ಕಂಡರೆ ಕಂಪ್ಯೂಟರಿಗೆ ಸಾಕು, ಒಳಗೆ ಖಾಲಿ ಇದ್ದರೂ ಕೆಲಸ ಆಯಿತು ಎನ್ನುತ್ತದೆ. ನಾಳೆ ತುಂಬಿದರಾಯಿತು ಎಂದುಕೊಂಡಿದ್ದಳು. ನಾಳೆಗೆ ಬೇರೆ ಕೆಲಸ ಬಂತು. ಹೆಸರಿಡುವುದರಲ್ಲಂತೂ ಅವಳದು ಎತ್ತಿದ ಕೈ. ನೀನಿಟ್ಟ ಹೆಸರು ಓದಿದರೆ ಸಾಕು, ಒಳಗೆ ನೋಡುವುದೇ ಬೇಡ ಎಂದು ಆಫೀಸಿನವರೆಲ್ಲ ಹೊಗಳುತ್ತಿದ್ದರು. ಯಾರೂ ನೋಡಲಿಲ್ಲ.

"ನೆಟ್‌ವರ್ಕ್..." ಎಂದು ಬಾಯಿ ತೆಗೆದಳು. ಆತ ಕತ್ತೆತ್ತಿದ. ಏನು ಹೇಳಿದರೂ ನಂಬುವ ಮುಖ. ಅದನ್ನು ನೋಡಲಾರದೆ ಕಂಪ್ಯೂಟರಿನ ಪರದೆಯನ್ನು ಆತನ ಕಡೆಗೆ ತಿರುಗಿಸಿದಳು.

"ತಪ್ಪು ನಂದೇ, ಯಜಮಾನ್ರೇ. ಈ ಸಾಲಿನ ಅರ್ಥ, ಮನೆಯವರಿಗೆ ತಿಳಿಸು ಅಂತ. ಹೆಸರು ಬರೆದೆ. ತಿಳಿಸೋದು ಹೇಗೆ ಅಂತ ಬರೀಲಿಲ್ಲ."

ಆತ ಕನ್ನಡಕ ಸರಿಮಾಡಿಕೊಂಡು ಬಗ್ಗಿದ. ಬೈಗುಳಕ್ಕೆ ಅವಳು ಕಾದಳು. ಬೈದಿದ್ದರೆ ಎದೆಯಾದರೂ ಹಗುರಾಗುತ್ತಿತ್ತು. ಆತ ಬೈಯಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಬೆರಳನ್ನು ಎರಡು ಬ್ರಾಕೆಟ್‌ಗಳ ನಡುವಿನ ಖಾಲಿ ಜಾಗದ ಮೇಲಿಟ್ಟ.

"ಇಲ್ಲಿ ಎಷ್ಟು ಬರೀಬೇಕಿತ್ತು ತಾಯಿ?"

"ಒಂದು ಸಾಲು."

ಆತ ತಲೆಯಾಡಿಸಿದ. ಬೆರಳನ್ನು ಮಾತ್ರ ಅಲ್ಲಿಂದ ತೆಗೆಯಲಿಲ್ಲ.